ದಿನಾ ನೀರು ಹಾಕಿದರೂ ಝಡ್‌ಝಡ್ ಗಿಡ ಹಳದಿ ಯಾಕೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ. ಸಂಕ್ರಾಂತಿ ಹೊತ್ತಿಗೆ ಒಂದು ಝಡ್‌ಝಡ್ ಗಿಡ ತಂದು ಹಾಲ್‌ನಲ್ಲಿ ಇಟ್ಟೆವು. ದಿನಾ ಅರ್ಧ ಲೋಟ ನೀರು ಹಾಕುತ್ತೇವೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು. ಆರಿದ್ರ ಮಳೆ ಹಿಡಿದ ಮೇಲೆ ಎಲೆ ಹಳದಿಯಾಗುತ್ತಿದೆ, ಒಂದು ದಂಟು ಬುಡದಲ್ಲೇ ಬಾಗಿದೆ. ನೀರು ಸಾಲುತ್ತಿಲ್ಲವೇ? ಗೊಬ್ಬರ ಕೊಡಬೇಕಾ?

ಉತ್ತರ: ಎರಡೂ ಬೇಡ. ನೀರು ಜಾಸ್ತಿಯಾಗಿದೆ. ಇವತ್ತೇ ನಿಲ್ಲಿಸಿ.

ಈ ಗಿಡದ ಊರು ಪೂರ್ವ ಆಫ್ರಿಕಾ. ಕೀನ್ಯಾದಿಂದ ದಕ್ಷಿಣ ಆಫ್ರಿಕಾದವರೆಗೆ, ಒಣ ದಿನಗಳು ಉದ್ದಕ್ಕೆ ಬರುವ ಕಡೆ ಬೆಳೆಯುತ್ತದೆ. ಕುಲದಲ್ಲಿ ನಮ್ಮ ಕೆಸುವಿಗೆ, ಸುವರ್ಣಗಡ್ಡೆಗೆ ನೆಂಟ. ಸ್ವಭಾವ ಮಾತ್ರ ಬೇರೆ. ಕೆಸು ತೋಡಿನ ಅಂಚಿನಲ್ಲಿ ಕಾಲು ನೆನೆಸಿಕೊಂಡು ಸುಖವಾಗಿರುತ್ತದೆ. ಇದು ಮಣ್ಣಿನೊಳಗೆ ಆಲೂಗಡ್ಡೆಯಂಥ ಗಡ್ಡೆ ಕಟ್ಟಿಕೊಂಡು, ಬರಗಾಲಕ್ಕೆಂದು ಅದರಲ್ಲೇ ನೀರು ಕೂಡಿಡುತ್ತದೆ. ತುಂಬಿದ ಹಂಡೆಗೆ ನೀವು ದಿನಾ ಸುರಿಯುತ್ತಿದ್ದೀರಿ.

ಬೇಸಿಗೆಯಲ್ಲಿ ಅದೇ ಅರ್ಧ ಲೋಟ ನಡೆಯಿತಲ್ಲ ಅನ್ನಬಹುದು. ಗಿಡ ನೀರು ಕುಡಿಯೋದು ಬೆಳಕು, ಬಿಸಿ ಇದ್ದಷ್ಟೇ. ಈಗ ಎರಡೂ ಇಲ್ಲ. ಹಪ್ಪಳವೇ ಮೆತ್ತಗಾಗುವ ಈ ಹವೆಯಲ್ಲಿ ಕುಂಡದ ಮಣ್ಣು ಒಣಗೋದು ಹೇಗೆ? ಮಣ್ಣಿನ ಸಂದಿಯಲ್ಲೆಲ್ಲ ನೀರು ತುಂಬಿದರೆ ಬೇರಿಗೆ ಗಾಳಿ ಸಿಗೋದಿಲ್ಲ, ಗಡ್ಡೆ ಕೊಳೆಯುತ್ತದೆ. ಶುಂಠಿ ಹಾಕಿದವರಿಗೆ ಕೊಳೆ ಅಂದರೆ ಏನಂತ ಹೇಳಬೇಕಾಗಿಲ್ಲ. ಬಸಿಗಾಲುವೆ ತೆಗೆಯೋದು ಅದಕ್ಕೇ ಅಲ್ವಾ?

ಮೊದಲು ಕುಂಡದ ತಳ ನೋಡಿ, ತೂತು ಇದೆಯಾ? ನನ್ನ ಮೊದಲ ಗಿಡ ಹೋಗಿದ್ದೇ ತೂತಿಲ್ಲದ ಚಂದದ ಪಿಂಗಾಣಿ ಕುಂಡದಿಂದ. ಆಮೇಲೆ ಗಿಡವನ್ನು ಮಣ್ಣು ಸಮೇತ ಹೊರಗೆ ತೆಗೆಯಿರಿ. ಗಟ್ಟಿಯಾಗಿರುವ ಗಡ್ಡೆ ಉಳಿಯುತ್ತದೆ. ಕಂದಾಗಿ, ಮೆತ್ತಗೆ ನಾರುವುದನ್ನು ಚೊಕ್ಕ ಚಾಕುವಿನಿಂದ ಕೊಯ್ದು ಎಸೆಯಿರಿ. ಉಳಿದದ್ದನ್ನು ಎರಡು ಮೂರು ದಿನ ಒಳಗೇ ಆರಲು ಬಿಡಿ. ಕೆಂಪು ಮಣ್ಣಿಗೆ ಅಷ್ಟೇ ಮರಳು, ಒಂದಿಷ್ಟು ಇದ್ದಿಲು ಚೂರು ಬೆರೆಸಿ ನೆಡಿ. ತೆಂಗಿನ ನಾರಿನ ಪುಡಿ ನೀರು ಹಿಡಿದಿಡುತ್ತದೆ, ಮಲೆನಾಡಿನಲ್ಲಿ ಅದನ್ನು ನಾನಂತೂ ಬಳಸೋದಿಲ್ಲ. ನೆಟ್ಟ ಮೇಲೆ ಒಂದು ವಾರ ನೀರು ಬೇಡ.

ಮುಂದೆ ಎಷ್ಟು ದಿನಕ್ಕೊಮ್ಮೆ ಅಂತ ಕೇಳಿದರೆ ಒಂದೇ ಲೆಕ್ಕ ಹೇಳಲಾರೆ. ಕಡೂರು, ಅರಸೀಕೆರೆ ಕಡೆ ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ಬೇಕಾದೀತು. ನಿಮ್ಮಲ್ಲಿ, ಸಕಲೇಶಪುರದಲ್ಲಿ ಮಳೆಗಾಲದ ಒಂದೂವರೆ ತಿಂಗಳು ಸುಮ್ನೆ ಬಿಟ್ಟರೂ ಏನೂ ಆಗೋದಿಲ್ಲ. ಪೊರಕೆ ಕಡ್ಡಿಯೊಂದನ್ನು ತಳದವರೆಗೆ ಚುಚ್ಚಿ ತೆಗೆಯಿರಿ. ಮಣ್ಣು ಅಂಟಿಕೊಂಡು ಬಂದರೆ ನೀರು ಬೇಡ. ಕತ್ತಲ ಮೂಲೆಯಲ್ಲೂ ಗಿಡ ಬದುಕುತ್ತದೆ ಅನ್ನೋದು ನಿಜ, ಆದರೆ ಕಿಟಕಿ ಹತ್ತಿರವೇ ವಾಸಿ.

ಇದನ್ನು ಮುಟ್ಟಿದರೆ ಕ್ಯಾನ್ಸರ್ ಅನ್ನೋ ವಾಟ್ಸಾಪ್ ಮಾತಿಗೆ ಆಧಾರವಿಲ್ಲ. ಆದರೆ ಕೆಸುವಿನ ಥರದ ತುರಿಕೆಯ ಹರಳು ಇದರಲ್ಲೂ ಇದೆ. ಮಗು, ನಾಯಿ ಅಗಿದರೆ ಬಾಯಿ ಉರಿಯುತ್ತದೆ. ಎಟುಕದ ಹಾಗೆ ಇಡಿ.

ಗಡ್ಡೆಯೆಲ್ಲ ಕೊಳೆತಿದ್ದರೆ ಹಸಿರಾಗಿರುವ ನಾಲ್ಕೈದು ಎಲೆ ಕಿತ್ತು, ತೊಟ್ಟಿನ ಕಡೆಯಿಂದ ಮರಳಿಗೆ ಸಿಕ್ಕಿಸಿ. ಮೊದಲು ಒಳಗೆ ಪುಟ್ಟ ಗಡ್ಡೆ ಕಟ್ಟಿ, ಚಿಗುರು ಆಮೇಲೆ ಬರುತ್ತದೆ. ಅದಕ್ಕೆ ತಿಂಗಳುಗಳೇ ಬೇಕು. ದಿನಾ ಕಿತ್ತು ನೋಡಬೇಡಿ.