ಬಣ್ಣದೊಳಗೆ ಸಿಕ್ಕಿಬಿದ್ದ ಮರಳು

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಕ್ಲೋಡ್ ಮೋನೆ ಬರೆದ ಪುಟ್ಟ ಚಿತ್ರವೊಂದಿದೆ, 'ಟ್ರೂವಿಲ್ ಕಡಲತೀರ'. ಎತ್ತರ 38 ಸೆಂ.ಮೀ., ಅಗಲ ಸುಮಾರು 46 ಸೆಂ.ಮೀ., ಅಷ್ಟೇ. 1870ರ ಬೇಸಿಗೆಯಲ್ಲಿ, ಫ್ರಾನ್ಸಿನ ನಾರ್ಮಂಡಿ ಕರಾವಳಿಯಲ್ಲಿ ಬರೆದದ್ದು. ಕೊಡೆ ಹಿಡಿದ ಇಬ್ಬರು ಹೆಂಗಸರು ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಬಿಳಿ ಉಡುಪಿನಾಕೆ, ಆಗಷ್ಟೇ ಮೋನೆಯನ್ನು ಮದುವೆಯಾಗಿದ್ದ ಕಮೀಲ್ ಇರಬೇಕು ಎನ್ನುತ್ತಾರೆ.

ಈ ಚಿತ್ರದ ಬಣ್ಣವನ್ನು ದೊಡ್ಡದು ಮಾಡಿ ನೋಡಿದರೆ ಒಳಗೆ ಮರಳಿನ ಕಣಗಳು, ಚಿಪ್ಪಿನ ಚೂರುಗಳು ಕಾಣುತ್ತವೆ. ಮೇಲೆ ಕೂತ ಧೂಳಲ್ಲ, ಬಣ್ಣದಲ್ಲೇ ಹೂತುಹೋದವು.

ಅವು ಅಲ್ಲಿ ಹೇಗೆ ಉಳಿದವು? ಗುಟ್ಟು ಎಣ್ಣೆಯಲ್ಲಿದೆ. ನೀರು ಬೆರೆಸಿದ ಬಣ್ಣ ಒಣಗುವುದು ನೀರು ಆವಿಯಾಗಿ. ಅಗಸೆ ಎಣ್ಣೆಯಂಥದ್ದರಲ್ಲಿ ಅರೆದ ಬಣ್ಣ ಹಾಗಲ್ಲ. ಎಣ್ಣೆ ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿ ಪದರವಾಗುತ್ತವೆ. ಹಾಗಾಗಿ ಒಣಗತೊಡಗಿದ ಎಣ್ಣೆಯ ತೂಕ ಮೊದಲಿಗೆ ಜಾಸ್ತಿಯೇ ಆಗುತ್ತದೆ! ತೆಳು ಪದರಕ್ಕೂ ಇದಕ್ಕೆ ದಿನಗಳೇ ಬೇಕು. ಅಷ್ಟು ಹೊತ್ತು ಬಣ್ಣ ಅಂಟಂಟಾಗಿರುತ್ತದೆ. ಕಡಲಗಾಳಿ ಬೀಸಿತು, ಮರಳು ಹಾರಿ ಬಂದು ಅಂಟಿತು, ಬಣ್ಣ ಅದನ್ನು ಒಳಗೆ ಹಿಡಿದುಕೊಂಡೇ ಗಟ್ಟಿಯಾಯಿತು. ಮೋನೆ ಕಡಲ ದಂಡೆಯಲ್ಲೇ ಕೂತು ಬರೆದ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಹೀಗೆ ಬಯಲಲ್ಲಿ ಎಣ್ಣೆಬಣ್ಣ ಬಳಸುವುದು ಸುಲಭವಾಗಿದ್ದು ಒಂದು ಸಣ್ಣ ವಸ್ತುವಿನಿಂದ. ಮೊದಲೆಲ್ಲ ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಚುಚ್ಚಿ ತೆಗೆದ ಮೇಲೆ ಸರಿಯಾಗಿ ಮುಚ್ಚಲು ಆಗುತ್ತಿರಲಿಲ್ಲ, ಕೆಲವೊಮ್ಮೆ ಒಡೆದೂ ಹೋಗುತ್ತಿತ್ತು. 1841ರಲ್ಲಿ ಅಮೆರಿಕದ ಕಲಾವಿದ ಜಾನ್ ಗಾಫ್ ರ್‍ಯಾಂಡ್, ಹಿಸುಕಿ ಮತ್ತೆ ಮುಚ್ಚಬಹುದಾದ ತವರದ ಟ್ಯೂಬ್‌ಗೆ ಪೇಟೆಂಟ್ ಪಡೆದ. ಬೇಕಾದ ಬಣ್ಣಗಳನ್ನೆಲ್ಲ ಪೆಟ್ಟಿಗೆಗೆ ಹಾಕಿಕೊಂಡು ಹೊರಟರಾಯಿತು. ಪ್ಯಾರಿಸ್ ಕಡೆಯಿಂದ ಟ್ರೂವಿಲ್‌ಗೆ 1863ರಲ್ಲೇ ರೈಲೂ ಬಂದಿತ್ತು. ರಜೆಗೆ ಬಂದ ಪಟ್ಟಣದ ಜನ, ಅವರನ್ನು ಬರೆಯುವ ಕಲಾವಿದರು ಇಬ್ಬರೂ ಅದೇ ತೀರದಲ್ಲಿ!

ಬೆಳಕು ನಿಲ್ಲುವುದಿಲ್ಲ, ಮೋಡ ಸರಿಯುತ್ತಲೇ ಇರುತ್ತದೆ. ಅದಕ್ಕೇ ಇಲ್ಲಿ ಕುಂಚದ ಬೀಸು ಅಗಲ, ಅವಸರದ್ದು. ಬಿಳಿ ಉಡುಪು ಕೆಲವೇ ದಪ್ಪ ಎಳೆತಗಳಲ್ಲಿ ಮುಗಿದಿದೆ. ಮುಖದ ವಿವರಗಳಿಗೆ ಆತ ಹೋಗಿಯೇ ಇಲ್ಲ. ಅಲ್ಲಲ್ಲಿ ಕ್ಯಾನ್ವಾಸಿಗೆ ಮೊದಲೇ ಬಳಿದಿದ್ದ ತಿಳಿಬಣ್ಣ ಹಾಗೇ ಇಣುಕುತ್ತದೆ. ಮನೆಗೆ ಹೋಗಿ ಇದನ್ನೆಲ್ಲ ತುಂಬಿ ನುಣುಪು ಮಾಡಬಹುದಿತ್ತು, ಅಲ್ವಾ? ಮೋನೆ ಹಾಗೆ ಮಾಡಲಿಲ್ಲ. ನನಗೆ ಈ ಚಿತ್ರ ಅಷ್ಟು ಇಷ್ಟವಾಗುವುದು ಅದಕ್ಕೇ.