ಚಮಚ ಹಿಡಿದು ಸುಮ್ಮನೆ ಕುಳಿತ ದಾದಿಯರು

1920ರ ದಶಕದಲ್ಲಿ ಅಮೆರಿಕದ ಮಕ್ಕಳ ತಜ್ಞೆ ಕ್ಲಾರಾ ಡೇವಿಸ್ ಒಂದು ಪ್ರಯೋಗಕ್ಕೆ ಕೈಹಾಕಿದರು. ಇಂದು ಅಂಥದ್ದಕ್ಕೆ ಯಾರೂ ಅನುಮತಿ ಕೊಡಲಾರರು. ಹಾಲು ಬಿಡಿಸಿದ 15 ಕೂಸುಗಳನ್ನು ತಮ್ಮ ಆರೈಕೆಯಲ್ಲಿಟ್ಟುಕೊಂಡು, ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬುದನ್ನು ಅವಕ್ಕೇ ಬಿಟ್ಟರು. ಪಟ್ಟಿಯಲ್ಲಿ ಹಣ್ಣು, ತರಕಾರಿ, ಧಾನ್ಯ, ಹಾಲು, ಮೊಟ್ಟೆ, ಮೀನು, ಮಾಂಸ ಎಲ್ಲ ಸೇರಿ ಮೂವತ್ತಕ್ಕೂ ಹೆಚ್ಚು ಪದಾರ್ಥಗಳಿದ್ದವು. ದಾದಿ ಚಮಚ ಹಿಡಿದು ಸುಮ್ಮನೆ ಕೂರಬೇಕು. ಮಗು ಕೈಚಾಚಿದರೆ ಮಾತ್ರ ತುತ್ತು. ಹೊಗಳುವಂತಿಲ್ಲ, ಗದರುವಂತಿಲ್ಲ.

ಆ ಮಕ್ಕಳ ಊಟ ಕಂಡಿದ್ದರೆ ನಮ್ಮ ಅಜ್ಜಿಯರು ಹೌಹಾರುತ್ತಿದ್ದರು. ಬೆಳಿಗ್ಗೆ ಕಿತ್ತಳೆ ರಸದ ಜೊತೆ ಈಲಿ (ಲಿವರ್), ರಾತ್ರಿ ಒಂದರ ಮೇಲೊಂದು ಮೊಟ್ಟೆ! ಆದರೂ ಎಲ್ಲವೂ ಚೆನ್ನಾಗಿ ಬೆಳೆದವು. ರಿಕೆಟ್ಸ್ ಎಂಬ ಮೂಳೆ ಮೆತ್ತಗಾಗುವ ರೋಗವಿದ್ದ ಒಂದು ಮಗುವಂತೂ ಪಕ್ಕದಲ್ಲಿಟ್ಟ ಮೀನೆಣ್ಣೆಯನ್ನು ರೋಗ ವಾಸಿಯಾಗುವವರೆಗೆ ತಾನಾಗಿಯೇ ಕುಡಿಯಿತು.

‘ಮಗುವಿಗೆ ತನಗೇನು ಬೇಕೆಂದು ಗೊತ್ತು’ ಎನ್ನುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಡೇವಿಸ್ ನಿಲ್ಲಿಸಲಿಲ್ಲ. ಗುಟ್ಟೆಲ್ಲ ಪಟ್ಟಿಯಲ್ಲಿದೆ ಎಂದು 1939ರಲ್ಲಿ ಅವರೇ ಬರೆದರು: ಅದರಲ್ಲಿ ಸಕ್ಕರೆಯಿರಲಿಲ್ಲ, ಬಿಸ್ಕತ್ತಿರಲಿಲ್ಲ. ಆಯ್ಕೆ ಮಗುವಿನದು, ಪಟ್ಟಿ ದೊಡ್ಡವರದು.

ನಮ್ಮಲ್ಲಿ ನಡೆಯುವುದು ತಿರುವುಮುರುವು. ಮೊದಲ ವರ್ಷದಲ್ಲಿ ಹುಟ್ಟಿದ ತೂಕದ ಮೂರರಷ್ಟಾಗುವ ಮಗು ಎರಡನೆಯ ವರ್ಷದಲ್ಲಿ ಹೆಚ್ಚುವುದು ಎರಡೂವರೆ ಕಿಲೋ ಆಸುಪಾಸು ಮಾತ್ರ. ಬೆಳವಣಿಗೆಯ ವೇಗ ತಗ್ಗಿದಾಗ ಹಸಿವೂ ತಗ್ಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಹೊಸ ರುಚಿಯ ಭಯವೂ ತಲೆಯೆತ್ತುತ್ತದೆ; ನಡೆದಾಡತೊಡಗಿದ ಮಗು ಕಂಡಕಂಡ ಸೊಪ್ಪನ್ನು ಬಾಯಿಗಿಟ್ಟು ವಿಷ ತಿನ್ನದಿರಲೆಂದು ವಿಕಾಸ ಹಾಕಿದ ಬೇಲಿ ಇದಿರಬಹುದು ಎಂಬುದು ಹಲವರ ಊಹೆ. ನಾವು ಇದನ್ನು ಹಟವೆಂದು ತಿಳಿದು, ಮೊಬೈಲ್ ತೋರಿಸಿ ತುತ್ತು ತುರುಕುತ್ತೇವೆ. ಹೊಟ್ಟೆ ತುಂಬಿದ್ದು ಮಗುವಿಗೇ ತಿಳಿಯದಂತೆ ಮಾಡುವ ಕಲೆಯದು. ಹೊಸ ತರಕಾರಿ ಒಗ್ಗಲು ಎಂಟರಿಂದ ಹದಿನೈದು ಸಲವಾದರೂ ನಾಲಿಗೆಗೆ ತಾಗಬೇಕಾಗಬಹುದು. ಮೂರನೆಯ ಸಲಕ್ಕೇ ನಾವು ‘ಇವನಿಗೆ ಬೀನ್ಸ್ ಸೇರುವುದಿಲ್ಲ’ ಎಂದು ತೀರ್ಪು ಕೊಟ್ಟಿರುತ್ತೇವೆ.

ಇನ್ನೊಂದು ಎಡವಟ್ಟು ಹಾಲಿನದು. ಊಟ ಬಿಟ್ಟ ಮಗುವಿಗೆ ‘ಹಾಲಾದರೂ ಕುಡಿಯಲಿ’ ಎಂದು ಲೋಟ ಹಿಡಿದರೆ ಇದ್ದ ಹಸಿವೂ ಹೋಯಿತು. ಹಸುವಿನ ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಸುಮಾರು ಮೂರನೇ ಎರಡರಷ್ಟು ಮಕ್ಕಳಿಗೆ ರಕ್ತಹೀನತೆಯಿದೆ. ಕಾರಣಗಳು ಹಲವು, ನಿಜ. ಆದರೂ ದಿನಕ್ಕೆ ಅರ್ಧ ಲೀಟರ್ ದಾಟದಂತೆ ಹಾಲು ಕೊಟ್ಟು, ಬೇಳೆ, ಸೊಪ್ಪು, ಮೊಟ್ಟೆಗೆ ಹೊಟ್ಟೆಯಲ್ಲಿ ಜಾಗ ಬಿಡುವುದು ನಮ್ಮ ಕೈಯಲ್ಲೇ ಇದೆ. ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟಪಡುತ್ತಿದ್ದರೆ ಮಾತ್ರ ಕಾಯಬಾರದು, ವೈದ್ಯರಿಗೆ ತೋರಿಸಬೇಕು.