ಮಧ್ಯಾಹ್ನಕ್ಕೊಮ್ಮೆ ಬೀಳುವ ಸರ್ವರ್

"ಮತ್ತೆ ಬಿತ್ತು ಸರ್. ರೀಸ್ಟಾರ್ಟ್ ಮಾಡ್ಲಾ?"

"ಬೇಡ ಮಾರಾಯ, ಎರಡು ನಿಮಿಷ ತಡಿ."

ಶಿವಮೊಗ್ಗದ ನನ್ನ ಆಫೀಸಿಗೆ ಅದೇ ವಾರ ಬಂದ ಮೂರನೇ ಫೋನ್ ಇದು. ಅಡಿಕೆ ಧಾರಣೆ ಹಾಕುವ ಒಂದು ಸಣ್ಣ ವೆಬ್‌ಸೈಟ್. ರೀಸ್ಟಾರ್ಟ್ ಮಾಡಿದರೆ ಸೈಟ್ ಏಳುತ್ತದೆ, ನಿಜ. ಆದರೆ ಯಾವ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಎಷ್ಟು ಮೆಮೊರಿ ಹಿಡಿದು ಕೂತಿತ್ತು ಅಂತ ನೋಡಲು ಏನೂ ಉಳಿಯುವುದಿಲ್ಲ.

ಸೈಟ್ ನೋಡಿಕೊಳ್ಳುವ ಹುಡುಗ ಸೈಟಿನ ಡೇಟಾಬೇಸ್ ಮೈಎಸ್‌ಕ್ಯೂಎಲ್ ಮೇಲೆ ದೂರು ಹೇಳುತ್ತಿದ್ದ. ಅದರ ಲಾಗ್, ಅಂದರೆ ನಡೆದದ್ದನ್ನೆಲ್ಲ ಬರೆದಿಡುವ ಫೈಲ್, ತೆಗೆದರೆ ಕೊನೇ ಸಾಲಿನವರೆಗೂ ಎಲ್ಲ ಸರಿಯಿದೆ. ಆಮೇಲೆ ಸುಮ್ನೆ ಖಾಲಿ. ತಾನಾಗಿ ಕೆಟ್ಟ ಪ್ರೋಗ್ರಾಂ ಸಾಮಾನ್ಯವಾಗಿ ಏನಾದರೂ ಗೊಣಗಿಯೇ ಸಾಯುತ್ತದೆ. ಮಾತಿಲ್ಲದೆ ಸತ್ತಿದ್ದರೆ ನನಗೆ ಹೊರಗಿನವರ ಮೇಲೆ ಅನುಮಾನ. ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಅದರ ಲಾಗ್ ನೋಡಿದೆ. ‘ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೋಸೆಸ್’ ಅಂತಿತ್ತು, ಪಕ್ಕದಲ್ಲೇ ಮೈಎಸ್‌ಕ್ಯೂಎಲ್ ಹೆಸರು. ಸಮಯ 7:40.

"ಬೆಳಿಗ್ಗೆ ಯಾರೂ ಸೈಟ್ ನೋಡಲ್ಲ ಸರ್!"

ಸರ್ವರ್ ಗಡಿಯಾರ ನಮ್ಮ ಸಮಯದಲ್ಲಲ್ಲ, ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿತ್ತು. ಐದೂವರೆ ಗಂಟೆ ಕೂಡಿಸಿದರೆ ಮಧ್ಯಾಹ್ನ 1:10. ರಾಶಿ, ಬೆಟ್ಟೆ, ಗೊರಬಲು ಅಡಿಕೆಯ ರೇಟು ಸೈಟಿಗೆ ಹತ್ತುವ ಹೊತ್ತು.

ಮೆಮೊರಿ ಮುಗಿದಾಗ ಲಿನಕ್ಸ್ ಕರ್ನಲ್ ಸಾಮಾನ್ಯವಾಗಿ ಜಾಸ್ತಿ ತಿಂದವನನ್ನೇ ಹಿಡಿದು ಮುಗಿಸುತ್ತದೆ. ಒಬ್ಬನೇ 500 ಎಂಬಿ ತಿಂದಿದ್ದ ಡೇಟಾಬೇಸ್ ಸಿಕ್ಕಿಬಿತ್ತು. ಪುಟ ಕಳಿಸುವ ವೆಬ್ ಸರ್ವರ್ ಪ್ರೋಗ್ರಾಂ ಅಪಾಚೆ; ತಲಾ 40 ಎಂಬಿ ತಿಂದಿದ್ದ ಅದರ ಮರಿ ಪ್ರೋಸೆಸ್‌ಗಳು ಪಾರಾದವು. ಇವು 150ರವರೆಗೆ ಹುಟ್ಟಬಹುದು ಅಂತ ಸೆಟ್ಟಿಂಗ್‌ನಲ್ಲಿತ್ತು, ಸರ್ವರ್‌ನಲ್ಲಿದ್ದ ಲಿನಕ್ಸ್, ಉಬುಂಟು, ಕೊಟ್ಟದ್ದು ಕೊಟ್ಟ ಹಾಗೇ. ನೂರೈವತ್ತು ನಲವತ್ತಲೆ 6 ಜಿಬಿ. ಸರ್ವರ್‌ನಲ್ಲಿ ಇದ್ದದ್ದು 2 ಜಿಬಿ. ಪ್ರೋಸೆಸ್‌ಗಳು ಒಂದಿಷ್ಟು ಮೆಮೊರಿ ಹಂಚಿಕೊಳ್ಳುತ್ತವೆ ಅಂತ ಕಳೆದರೂ ಲೆಕ್ಕ ಕೂಡುವುದಿಲ್ಲ.

ಹಾಗಂತ ಸೈಟಿಗೆ ಜನ ಮುಗಿಬಿದ್ದಿರಲೂ ಇಲ್ಲ. ಹೊಸನಗರದ ಕಡೆ ಮಳೆಗಾಲದಲ್ಲಿ ಒಂದು ಕಡ್ಡಿ ಸಿಗ್ನಲ್ ಸಿಕ್ಕರೆ ಪುಣ್ಯ. ಅಂಗಳದ ತುದಿಗೆ ಹೋಗಿ ಫೋನ್ ಎತ್ತಿ ಹಿಡಿದರೂ, ದೊಡ್ಡ ದೊಡ್ಡ ಫೋಟೋ ತುಂಬಿದ ಪುಟ ಇಳಿಯಲು ಅರ್ಧ ನಿಮಿಷ ಬೇಕು. ಅಪಾಚೆಯ ಪ್ರೀಫೋರ್ಕ್ ಪದ್ಧತಿಯಲ್ಲಿ ಒಂದು ಕನೆಕ್ಷನ್‌ಗೆ ಒಂದು ಪ್ರೋಸೆಸ್. ಪುಟ ಇಳಿದು ಮುಗಿಯುವ ತನಕ ಆ 40 ಎಂಬಿ ಬೇರೆ ಯಾರಿಗೂ ಇಲ್ಲ. ಬರಲಿಲ್ಲ ಅಂತ ರಿಫ್ರೆಶ್ ಒತ್ತಿದರೆ ಇನ್ನೊಂದು 40.

ಮಿತಿಯನ್ನು 25ಕ್ಕೆ ಇಳಿಸಿದೆ. 26ನೆಯವರು ಸಾಲಿನಲ್ಲಿ ಕಾಯುತ್ತಾರೆ, ಕಾಯಲಿ. ಎಲ್ಲರಿಗೂ ಬಾಗಿಲು ಮುಚ್ಚುವುದಕ್ಕಿಂತ ವಾಸಿ ಅಲ್ವಾ? ಅಪಾಚೆಯ ಮುಂದೆ ಎಂಜಿನ್‌ಎಕ್ಸ್ ಅನ್ನುವ ಇನ್ನೊಂದು ವೆಬ್ ಸರ್ವರ್ ಪ್ರೋಗ್ರಾಂ ಕೂರಿಸಿದೆವು. ಅಪಾಚೆ ಪುಟವನ್ನು ಅದರ ಕೈಗೆ ಕೊಟ್ಟು ಬೇರೆ ಕೆಲಸಕ್ಕೆ ಹೋಗುತ್ತದೆ, ನಿಧಾನದ ಫೋನುಗಳ ಜೊತೆ ಏಗುವುದು ಎಂಜಿನ್‌ಎಕ್ಸ್ ಪಾಡು. ಅದಕ್ಕೆ ತೀರಾ ಕಡಿಮೆ ಮೆಮೊರಿ ಸಾಕು. ಫೋಟೋಗಳನ್ನೂ ಚಿಕ್ಕದು ಮಾಡಿಸಿದೆ.

ಹೊತ್ತಿಗೆ ಸರಿಯಾಗಿ ತಾನೇ ನಡೆಯುವ ಕೆಲಸಗಳ ಪಟ್ಟಿ, ಕ್ರಾಂಟ್ಯಾಬ್, ತೆರೆದಾಗ ಇನ್ನೊಂದು ಸಿಕ್ಕಿತು. ದಿನಾ ರಾತ್ರಿ 2 ಗಂಟೆಗೆ ಸರ್ವರ್ ತಾನೇ ರೀಸ್ಟಾರ್ಟ್ ಆಗುವ ಸಾಲು. ಯಾರು ಹಾಕಿದ್ದು ಅಂದರೆ ಹುಡುಗ ನಕ್ಕ. ತೆಗೆಸಿದೆ. ಎಲ್ಲಾದರೂ ಮೆಮೊರಿ ನಿಜವಾಗಿ ಸೋರುತ್ತಿದ್ದರೆ, ಅಂದರೆ ಯಾವುದೋ ಪ್ರೋಗ್ರಾಂ ತಗೊಂಡ ಮೆಮೊರಿ ವಾಪಸ್ ಕೊಡದಿದ್ದರೆ, ಈ ಸಾಲು ತಿಂಗಳುಗಟ್ಟಲೆ ಅದನ್ನು ಮುಚ್ಚಿಡುತ್ತದೆ. ಇನ್ನೊಂದು ವಾರ, ದಿನಾ ಮಧ್ಯಾಹ್ನ 1 ಗಂಟೆಗೆ ಎಷ್ಟು ಮೆಮೊರಿ ಖಾಲಿ ಇದೆ ಅಂತ ವಾಟ್ಸಾಪ್ ಮಾಡು ಅಂದಿದ್ದೇನೆ.